ಎರಡೂ ಯಶಸ್ವಿ

ಹೊರಮಾವು, ಬೆಂಗಳೂರು
11 ಫೆಬ್ರವರಿ 2025

ಮಾನ್ಯ ಬಂಧುಗಳೇ, ಮಿತ್ರರೇ,

ನನ್ನ ಮಗ ಸುದರ್ಶನನ ವೈಕುಂಠ ಸಮಾರಾಧನೆಗೆ ನೀವೆಲ್ಲ ಬಂದಿರಿ. ಕೆ.ಆರ್. ಪುರದ ತೂಗುಸೇತುವೆಯ ವಾಹನದಟ್ಟಣೆಯನ್ನು ದಾಟಿ ಬಂದಿರಿ. ನೆಲದ ಮೇಲೆ ಕೂರಲಾರದವರೂ ಕುಳಿತು ಉಂಡಿರಿ. ಎಲೆ ಎತ್ತುವವರೆಗೂ ಯಾರೂ ಗಟ್ಟಿಯಾಗಿ ಮಾತನಾಡಲಿಲ್ಲ. ಇದಕ್ಕಾಗಿ ನಾನು, ನನ್ನ ಪತ್ನಿ ಅಂಬುಜಾ, ಸೊಸೆ ಆಶ್ರಿತಾ ನಿಮಗೆ ಕೃತಜ್ಞರು. ಅಂದೇ ಎದ್ದು ನಿಂತು ಇದನ್ನು ಹೇಳಬೇಕೆಂದಿದ್ದೆ. ಆಗಲಿಲ್ಲ. ಆದ್ದರಿಂದ ಬರೆದು ಕಳುಹಿಸುತ್ತಿದ್ದೇನೆ.

ನಿಮ್ಮ ಅನುಕಂಪವನ್ನು ಮಾತ್ರ ನಾನು ಒಪ್ಪಿಕೊಳ್ಳಲಾರೆ. ಕಾರಣವನ್ನು ಹೇಳುವುದು ಸೌಜನ್ಯ.

ಸುದರ್ಶನನ ಹೃದಯದ ಕವಾಟವನ್ನು ಬದಲಿಸಿ, ಅದೇ ದಿನ, ಅದೇ ಮೇಜಿನ ಮೇಲೆ ಅವನ ಶ್ವಾಸಕೋಶದ ಗಡ್ಡೆಯನ್ನೂ ತೆಗೆದರು. ಐದನೆಯ ದಿನ ಅವನು ತೀರಿಕೊಂಡ. ನನ್ನ ಕೈ ಹಿಡಿದವರೆಲ್ಲ ಹೇಳಿದ್ದು ಒಂದೇ ಮಾತು: “ಎರಡೂ ಒಂದೇ ಸಲ ಮಾಡಿಸೋಕೆ ಹೋಗ್ಬಾರ್ದಿತ್ತು ಸಾರ್, ಬಾಡಿ ಹೆಂಗ್ ತಡ್ಕೊಳ್ಳತ್ತೆ?” ಇದು ಅನುಕಂಪವಲ್ಲ, ತೀರ್ಪು. ನಲವತ್ತೆರಡು ವರ್ಷದ ವಿವೇಕಿಯೊಬ್ಬ ತನ್ನ ದೇಹದ ಬಗ್ಗೆ ತೆಗೆದುಕೊಂಡ ತೀರ್ಮಾನದ ಮೇಲೆ, ಪಾಯಸದ ಕೈ ತೊಳೆಯುತ್ತ ಕೊಟ್ಟ ತೀರ್ಪು. ಅದನ್ನು ನಿಮ್ಮ ಬಳಿಯೇ ಇಟ್ಟುಕೊಳ್ಳಿ. ದಯಮಾಡಿ ದೂರವಾಣಿ ಕರೆಯನ್ನೂ ಮಾಡಬೇಡಿ.

ಇತಿ,
ಅನಂತರಾಮು

ಮುನಿರಾಜ, ಮೇಲಿನದು ಬಂದವರಿಗೆ ಬರೆದದ್ದು. ನೀನು ಬರಲಿಲ್ಲ. ಐವತ್ತು ವರ್ಷದ ಸ್ನೇಹಕ್ಕೆ ಒಂದು ಪ್ರತಿಯಾದರೂ ಸಲ್ಲಬೇಕೆಂದು ಕಳುಹಿಸಿದ್ದೇನೆ.

*

ಬೆಳಗಾವಿ
19 ಫೆಬ್ರವರಿ 2025

ಪ್ರಿಯ ಅನಂತ,

ಮೂರು ಹಾಳೆ ಹರಿದು ಇದು ನಾಲ್ಕನೆಯದು. ಸುದರ್ಶನರನ್ನು ಮೂರು ತಿಂಗಳ ಕೂಸಾಗಿದ್ದಾಗ ಎತ್ತಿಕೊಂಡವನು ನಾನು. ನನ್ನ ಹೊಸ ಟೆರಿಲಿನ್ ಅಂಗಿ ಒದ್ದೆ ಮಾಡಿ, ಮೇಲೆ ನಕ್ಕಿದ್ದರು. ಆ ನಗು ಬಿಟ್ಟು ಬೇರೇನೂ ನೆನಪಿಗೆ ಬರ್ತಿಲ್ಲ ಕಣಪ್ಪಾ.

ಬರಕ್ಕಾಗಲಿಲ್ಲ. ಮೊಣಕಾಲು ಹಿಡಿದುಕೊಂಡಿತ್ತು. ಟಿಕೆಟ್ ತೆಗೆದಿದ್ದೆ, ನಮ್ಮ ಯಮುನಮ್ಮನವರು ಕ್ಯಾನ್ಸಲ್ ಮಾಡಿಸಿಬಿಟ್ಟರು. ಮಗಳ ಮನೆಯಲ್ಲಿ ಅಪ್ಪನ ಮಾತು ಎಷ್ಟು ನಡೆಯುತ್ತೆ ಅಂತ ನಿನಗೇನು ಗೊತ್ತು. ಮೊಮ್ಮಗಳು ಮೂರು ವರ್ಷದವರು, ಅವರೂ ನನಗೆ ಆರ್ಡರ್ ಮಾಡುತ್ತಾರೆ. ಬೀದಿನಾಯಿಯೊಬ್ಬರು ಮೆಟ್ಟಿಲ ಮೇಲೆ ಕಾಯಂ ಆಗಿದ್ದಾರೆ, ಅವರೊಬ್ಬರು ಮಾತ್ರ ನಾನು ಹೇಳಿದ್ದು ಕೇಳುತ್ತಾರೆ.

ಫೋನ್ ಮಾಡಿದರೆ ನೀನು ಎತ್ತಲ್ಲ. ಮೂವತ್ತು ವರ್ಷ ಟೆಲಿಫೋನ್ ಕಾರ್ಖಾನೆಯಲ್ಲಿ ಊರಿಗೆಲ್ಲ ಫೋನ್ ಮಾಡಿಕೊಟ್ಟವನು ತನ್ನ ಮನೆಯದನ್ನು ಎತ್ತಲ್ಲ ಅಂದರೆ ಕೇಳಿದವರು ನಗ್ತಾರೆ. ಇರಲಿ, ಕಾಗದವೇ ಆಗಲಿ.

ನಿನ್ನ ಕೋಪ ನನಗೆ ಹೊಸದಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಒಂದೇ ವೇದಿಕೆ, ನಾನು ಪರ, ನೀನು ವಿರೋಧ. ಒಬ್ಬರನ್ನೊಬ್ಬರು ಹರಿದು ತಿಂದು ಕೆಳಗಿಳಿದರೆ ಇಬ್ಬರ ಅಂಕ ಕೂಡಿಸಿ ಒಂದೇ ಪಾರಿತೋಷಕ ಕೊಡುತ್ತಿದ್ದರು. ಹಲಸೂರಿನ ಬಸ್ಸಿನಲ್ಲಿ ಅದನ್ನು ನಿನ್ನ ತೊಡೆ ಮೇಲೆ ಅರ್ಧ, ನನ್ನ ತೊಡೆ ಮೇಲೆ ಅರ್ಧ ಇಟ್ಟುಕೊಂಡು ಬರುತ್ತಿದ್ದೆವು.

ಒಂದು ಕೇಳುತ್ತೇನೆ, ಬೈಯಬೇಡ. ಏನಾಯಿತು ಅಂತ ಮೊದಲಿಂದ ಕ್ರಮವಾಗಿ ಬರಿ. ಡಾಕ್ಟರರು ಏನಂದರು, ಸುದರ್ಶನರು ಏನಂದರು, ಎಲ್ಲ.

ನಿನ್ನ
ಮುನಿರಾಜಪ್ಪ

*

ಹೊರಮಾವು
2 ಮಾರ್ಚ್ 2025

ಮುನಿರಾಜ,

ನಾಯಿಗೂ ಮೊಮ್ಮಗಳಿಗೂ ‘ಅವರು’ ಎನ್ನುವ ನಿನ್ನ ಚಟ ಎಪ್ಪತ್ತಕ್ಕೂ ಹೋಗಿಲ್ಲ. ನಿಮ್ಮಜ್ಜಿ ಅಣ್ಣಮ್ಮ ಹೊಡೆದು ಕಲಿಸಿದ್ದು. ಕಾಲೇಜಿನಲ್ಲಿ ನಿನ್ನ ಹೆಸರೇ ‘ಬಹುವಚನ’ ಎಂದಾಗಿತ್ತು. ಪ್ರಪಂಚದಲ್ಲಿ ನೀನು ಏಕವಚನದಲ್ಲಿ ಕರೆಯುವ ಪ್ರಾಣಿ ನಾನೊಬ್ಬನೇ. ಅದನ್ನು ನಾನು ಗೌರವವೆಂದೇ ತಿಳಿದಿದ್ದೆ. ಮೊಣಕಾಲಿನ ವಿಷಯ ಚರ್ಚಿಸುವುದಿಲ್ಲ. ಮೊಣಕಾಲು ನೋಯುವವರು ರೈಲಿನಲ್ಲಿ ಮಲಗಿಕೊಂಡೂ ಬರಬಹುದು.

ಕ್ರಮವಾಗಿ ಬರೆಯೆಂದೆ. ಬರೆಯುತ್ತೇನೆ.

ಸುದರ್ಶನನಿಗೆ ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿತ್ತು. ಹೃದಯದ ಕವಾಟವೊಂದು ಸುಣ್ಣಗಟ್ಟಿದೆ, ಬದಲಿಸಬೇಕು ಎಂದರು. ಅದಕ್ಕೆ ಮುನ್ನ ತೆಗೆದ ಸ್ಕ್ಯಾನಿನಲ್ಲಿ ಬಲ ಶ್ವಾಸಕೋಶದಲ್ಲಿ ಗಡ್ಡೆ ಕಂಡಿತು. ಒಂದರ ಹಿಂದೆ ಒಂದು ಮಾಡಬಹುದು, ನಡುವೆ ಎರಡು ತಿಂಗಳು ಬಿಡಬೇಕು. ಅಥವಾ ಎದೆಯನ್ನು ಒಮ್ಮೆಯೇ ತೆರೆದು, ಮೊದಲು ಹೃದಯದವರು, ಆಮೇಲೆ ಶ್ವಾಸಕೋಶದವರು, ಎರಡನ್ನೂ ಅಂದೇ ಮುಗಿಸಬಹುದು ಎಂದರು. ಆಯ್ಕೆ ರೋಗಿಯದು.

ಆ ಭಾನುವಾರ ಸುದರ್ಶನ ಬಂದು ಎದುರಿಗೆ ಕುಳಿತ. “ಅಪ್ಪಾ, ನಾನು ಪರ, ನೀವು ವಿರೋಧ. ನಂಗೆ ಹೊಳೀದೆ ಇರೋ ಪಾಯಿಂಟ್ ಒಂದೇ ಒಂದು ಹೇಳಿ, ಎರಡು ಸಲ ಮಾಡಿಸ್ಕೋತೀನಿ” ಎಂದ. ನಾನು ಮಾತನಾಡಿದೆ, ನನ್ನ ಜೀವನದಲ್ಲಿ ಅಷ್ಟು ಸಿದ್ಧತೆಯಿಂದ ಮಾತನಾಡಿದ್ದಿಲ್ಲ. ಅವನು ಒಂದೊಂದಕ್ಕೂ ಉತ್ತರ ಕೊಟ್ಟ. ಅಂಬುಜಾ ಅಡುಗೆಮನೆಯಿಂದ, “ಸಾಕು ನಿಮ್ಮಿಬ್ಬರ ಭಾಷಣ, ಸಾರು ಆರ್ತಿದೆ” ಎಂದು ತಟ್ಟೆಯನ್ನು ಸೌಟಿನಿಂದ ಬಾರಿಸಿದಳು. ನಮ್ಮ ಮನೆಯಲ್ಲಿ ಕಾಲಮಿತಿಯ ಗಂಟೆ ಅದೇ. ಅವನು ಗೆದ್ದಿದ್ದ. ನಾನು ಎದ್ದು ಕೈ ಕುಲುಕಿದೆ.

ಈಗ ಊರೆಲ್ಲ ಸೇರಿ, ಸೋತ ನನ್ನನ್ನು ಗೆಲ್ಲಿಸುತ್ತಿದೆ. ಇದಕ್ಕಿಂತ ಅಸಹ್ಯವಾದ ಗೆಲುವನ್ನು ನಾನು ಕಂಡಿಲ್ಲ.

ಆದರೆ ಸಾಯಲು ಒಂದು ಕಾರಣವಿರಬೇಕಲ್ಲ? ಕೇಳಲು ಆಸ್ಪತ್ರೆಗೆ ಹೋದೆ. ಹೃದಯದ ವಿಭಾಗ ಮೂರನೆಯ ಮಹಡಿಯಲ್ಲಿ. ವೈದ್ಯರು ಎದ್ದು ನಿಂತು ಕೂರಿಸಿದರು. “ನಮ್ ಪಾರ್ಟ್ ಸಕ್ಸೆಸ್‌ಫುಲ್ ಸರ್. ವಾಲ್ವ್ ಕೊನೇವರ್ಗೂ ಚೆನ್ನಾಗೇ ಕೆಲ್ಸ ಮಾಡ್ತಿತ್ತು. ಇನ್‌ಫೆಕ್ಷನ್ ಆಗಿದ್ದು ಲಂಗ್ಸಲ್ಲಿ, ನೀವು ಮೇಲೆ ಕೇಳ್ಬೇಕು” ಎಂದರು. ಐದನೆಯ ಮಹಡಿಗೆ ಹೋದೆ. ಅಲ್ಲಿನ ವೈದ್ಯೆ ಇನ್ನೂ ಮೃದು. “ಗಡ್ಡೆ ಪೂರ್ತಿ ಬಂತು ಅಂಕಲ್, ಅಂಚೆಲ್ಲ ಕ್ಲೀನ್. ನಮ್ ಕಡೆಯಿಂದ ಸಕ್ಸೆಸ್. ಆಮೇಲಿನ ಐಸಿಯು ನೋಡ್ಕೊಂಡಿದ್ದು ಹಾರ್ಟ್‌ನವರು, ಕೆಳಗೆ ಕೇಳ್ಬೇಕು.” ಲಿಫ್ಟಿನ ವಾಜಿದ್ ನನ್ನನ್ನು ಈಗ ಗುರುತಿಸುತ್ತಾನೆ. “ಕಿಧರ್ ಸಾಬ್, ಮೇಲಾ ಕೆಳಗಾ?” ಎಂದ. ಇನ್ನೂ ತೀರ್ಮಾನವಾಗಿಲ್ಲಪ್ಪ ಎಂದೆ.

ಎರಡೂ ಯಶಸ್ವಿ, ಮುನಿರಾಜ. ಇಬ್ಬರಿಗೂ ಪೂರ್ಣ ಅಂಕ. ಅಂಕ ಕೂಡಿಸುವವರು ಮಾತ್ರ ಆ ಕಟ್ಟಡದಲ್ಲಿ ಯಾರೂ ಇಲ್ಲ.

ದೂರು ಸಿದ್ಧಪಡಿಸಿದ್ದೇನೆ. ಬೇಡಿಕೆ ಎರಡು: ಇಂಥ ಜೋಡಿ ಶಸ್ತ್ರಚಿಕಿತ್ಸೆಯನ್ನು ಆ ಆಸ್ಪತ್ರೆಯಲ್ಲಿ ನಿಲ್ಲಿಸಬೇಕು, ನಿಲ್ಲಿಸದಿದ್ದರೆ, ಪ್ರತಿಯೊಂದಕ್ಕೂ ಉತ್ತರ ಹೇಳುವ ಒಬ್ಬರು, ಒಬ್ಬರೇ, ಇರಬೇಕು. ಮೊದಲನೆಯದು ಸಿಕ್ಕರೆ ಎರಡನೆಯದರ ಅಗತ್ಯ ಬೀಳದು. ಸಿಗುವವರೆಗೂ ಬಿಡುವವನಲ್ಲ.

ಅನಂತರಾಮು

*

ಬೆಳಗಾವಿ
10 ಮಾರ್ಚ್ 2025

ಪ್ರಿಯ ಅನಂತ,

ನಿನ್ನ ಪತ್ರ ಎರಡು ಸಲ ಓದಿದೆ. ಅಂಬುಜಮ್ಮನವರ ಸೌಟಿನ ಹತ್ತಿರ ಬಂದಾಗ ಎರಡು ಸಲವೂ ಮುಂದೆ ಓದಲಾಗಲಿಲ್ಲ.

ಇಲ್ಲಿ ನನ್ನ ಪರಿಚಯದವನೊಬ್ಬನಿದ್ದಾನೆ. ನಮ್ಮ ವಯಸ್ಸಿನವನೇ. ಹೃದಯದ ಮೂರು ರಕ್ತನಾಳ ಮುಚ್ಚಿಕೊಂಡಿವೆ, ಬೈಪಾಸ್ ಆಗಬೇಕು. ನೋಡಿದರೆ ಎಡ ಶ್ವಾಸಕೋಶದಲ್ಲಿ ನೆಲ್ಲಿಕಾಯಿಯಷ್ಟು ಗಡ್ಡೆ. ಬೀಡಿ ಸೇದಿದ್ದ ಪಾಪಿ. ಹೊಲದಲ್ಲಿ ಗೆಡ್ಡೆ ಕಿತ್ತು ಬೆಳೆದವನಿಗೆ ಎದೆಯಲ್ಲೇ ಗೆಡ್ಡೆ ಬೆಳೆಯಿತು ಅಂತ ತಾನೇ ನಗುತ್ತಾನೆ. ಮೊದಲು ಹೃದಯ ಮಾಡಿದರೆ ಗಡ್ಡೆ ಅಲ್ಲಿಯವರೆಗೆ ಕಾಯುತ್ತೋ ಇಲ್ಲವೋ. ಮೊದಲು ಗಡ್ಡೆ ತೆಗೆದರೆ ಹೃದಯ ತಾಳಲ್ಲ. ಇಲ್ಲಿನ ಡಾಕ್ಟರರು, “ಬೆಂಗಳೂರಿಗೆ ಹೋಗ್ರಿ, ಅಲ್ಲಿ ಎರಡೂ ಒಮ್ಮೆಗೇ ಮಾಡ್ತಾರ್ರೀ” ಅಂತ ಒಂದು ಆಸ್ಪತ್ರೆಯ ಹೆಸರು ಬರೆದುಕೊಟ್ಟಿದ್ದಾರೆ. ಅದೇ ಆಸ್ಪತ್ರೆ ಅನಂತ.

ಅವನು ನಿನ್ನನ್ನು ಕೇಳು ಅಂದ. ಸುದರ್ಶನರು ಆಪರೇಷನ್ ಆದ ಮೇಲೆ ಎಚ್ಚರವಾಗಿದ್ದರಾ? ಮಾತಾಡಿದರಾ? ತುಂಬಾ ನೋವು ಪಟ್ಟರಾ? ಇನ್ನೊಮ್ಮೆ ಅದೇ ಪ್ರಶ್ನೆ ಬಂದರೆ ಅದೇ ತೀರ್ಮಾನ ಮಾಡುತ್ತಿದ್ದರು ಅಂತ ನಿನಗೆ ಅನ್ನಿಸುತ್ತಾ?

ಇನ್ನೊಂದು. ದೂರನ್ನು ಸ್ವಲ್ಪ ತಡೆ. ನೀನು ಹಿಡಿದ ಕೆಲಸ ಬಿಡಲ್ಲ, ಆ ಬಾಗಿಲು ಮುಚ್ಚಿಸಿಯೇ ತೀರುತ್ತೀಯ. ಮುಚ್ಚಿದ ಮೇಲೆ ಇವನಂಥವನು ಎಲ್ಲಿಗೆ ಹೋಗಬೇಕು?

ಮೊಣಕಾಲು ಈಗ ವಾಸಿ.

ನಿನ್ನ
ಮುನಿರಾಜಪ್ಪ

*

ಹೊರಮಾವು
15 ಮಾರ್ಚ್ 2025

ಮುನಿರಾಜಪ್ಪನವರಿಗೆ,

ಇನ್ನು ಮೇಲೆ ನಾನೂ ಬಹುವಚನವನ್ನೇ ಬಳಸುತ್ತೇನೆ. ಏಕವಚನ ಸ್ನೇಹಿತರಿಗೆ.

ನನ್ನ ಮಗನ ಕೊನೆಯ ಐದು ದಿನಗಳು ನಿಮ್ಮ ಪರಿಚಯದವರಿಗೆ ಮಾರ್ಗಸೂಚಿಯಲ್ಲ. ಅವನು ಎಚ್ಚರವಾಗಿದ್ದನೇ, ಏನೆಂದ, ಎಷ್ಟು ನೊಂದ ಎಂಬುದನ್ನು ನಾನು ಅಂಬುಜಾಳ ಬಳಿಯೂ ಆಡಿಲ್ಲ. ಬೆಳಗಾವಿಯ ಯಾವನೋ ಬೀಡಿ ಸೇದುವವನ ಕುತೂಹಲಕ್ಕೆ ಅದನ್ನು ಅಂಚೆಯಲ್ಲಿ ಕಳುಹಿಸಬೇಕೆ? ಸಮಾರಾಧನೆಗೆ ಬಂದವರು ಕನಿಷ್ಠ ಬಂದು ನೋಯಿಸಿದರು. ನೀವು ಬಾರದೆಯೇ ನೋಯಿಸಿದಿರಿ.

ದೂರನ್ನು ತಡೆಯಬೇಕಂತೆ. ಯಾರ ಪರವಾಗಿ ಮಾತನಾಡುತ್ತಿದ್ದೀರಿ? ಯಾವ ವಿಷಯ ಕೊಟ್ಟರೂ ಪರ ನಿಲ್ಲುವ ಹಳೆಯ ಅಭ್ಯಾಸ ನಿಮ್ಮದು. ಅದು ವೇದಿಕೆಯಲ್ಲಿ ಶೋಭಿಸುತ್ತಿತ್ತು. ನನ್ನ ಮಗನ ಚಿತೆಯ ಮುಂದೆ ಶೋಭಿಸುವುದಿಲ್ಲ.

ನನ್ನ ಅಭಿಪ್ರಾಯ ಬೇಕಿದ್ದರೆ ನಿಮ್ಮವರಿಗೆ ತಿಳಿಸಿ. ಅನಂತರಾಮು ವಿರೋಧ. ದೇಹ ಒಂದೇ, ಅದರೊಳಗೆ ಇಬ್ಬರು ಕೈ ಹಾಕಿದರೆ, ಕೈ ತೆಗೆದ ಮೇಲೆ ಆ ದೇಹ ಇಬ್ಬರದೂ ಅಲ್ಲ. ಒಬ್ಬರು ಮೇಲೆ ಕೇಳಿ ಎನ್ನುತ್ತಾರೆ, ಇನ್ನೊಬ್ಬರು ಕೆಳಗೆ ಕೇಳಿ ಎನ್ನುತ್ತಾರೆ, ನಡುವೆ ಹೆಂಡತಿ ಮಕ್ಕಳು ಲಿಫ್ಟಿನಲ್ಲಿ ನಿಂತಿರುತ್ತಾರೆ. ಇಷ್ಟು ತಿಳಿದ ಮೇಲೂ ಹೋಗುವುದಾದರೆ ಹೋಗಲಿ.

ಅನಂತರಾಮು

*

ಬೆಳಗಾವಿ
6 ಏಪ್ರಿಲ್ 2025

ಅನಂತ,

ನೀನು ಗೆದ್ದೆ.

ನಿನ್ನ ಪತ್ರವನ್ನು ಅವನಿಗೆ ಓದಿ ಹೇಳಿದೆ. ಆಪರೇಷನ್ ಬೇಡ ಅಂದುಬಿಟ್ಟ. ಮಗಳು ಅತ್ತರು, ಅಳಿಯಂದಿರು ರೇಗಿದರು, ಅವನು ಕೇಳಲಿಲ್ಲ. ಅನಂತರಾಮು ವಿರೋಧ ಅಂದ ಮೇಲೆ ಮುಗೀತು, ಅವನ ಎದುರು ಪರ ಮಾತಾಡಿ ನಾನು ಯಾವತ್ತು ಹೆಚ್ಚು ಅಂಕ ತೆಗೆದಿದ್ದೆ ಅಂದ.

ನಿನ್ನ ದೂರು ಸಲ್ಲಿಸು. ಇನ್ನು ಯಾರಿಗೂ ಅಡ್ಡಿಯಿಲ್ಲ. ಬೇಸಿಗೆ ಜಾಸ್ತಿಯಾಗಿದೆ. ನಾಯಿಯವರು ಮೆಟ್ಟಿಲು ಬಿಟ್ಟು ನನ್ನ ಮಂಚದ ಕೆಳಗೆ ಬಂದು ಮಲಗುತ್ತಿದ್ದಾರೆ.

ಅಂಬುಜಮ್ಮನವರಿಗೆ ನಮಸ್ಕಾರ.

ಮುನಿರಾಜಪ್ಪ

*

ಹೊರಮಾವು
13 ಏಪ್ರಿಲ್ 2025

ಮುನಿರಾಜ,

ಮಾರ್ಚ್ ಹತ್ತರ ನಿನ್ನ ಪತ್ರವನ್ನು ಮತ್ತೆ ತೆಗೆದು ಓದಿದೆ. ಮೊದಲ ಸಲ ಕೋಪದಲ್ಲಿ ಓದಿದ್ದರಿಂದ, ಮೊದಲ ವರ್ಷದ ವಿದ್ಯಾರ್ಥಿಗೂ ಕಾಣಬೇಕಾದುದು ನನಗೆ ಕಾಣಲಿಲ್ಲ. ಬೆಳಗಾವಿಯ ವೈದ್ಯರು ‘ಅವರು’. ಬೀದಿನಾಯಿ ‘ಅವರು’. ಪರಿಚಯದ ಹಿರಿಯ, ಎಪ್ಪತ್ತು ವರ್ಷದ ರೋಗಿ ಮಾತ್ರ ಎರಡೂ ಪತ್ರಗಳಲ್ಲಿ ‘ಅವನು’, ‘ಇವನು’, ‘ಪಾಪಿ’. ಅಣ್ಣಮ್ಮಜ್ಜಿಯ ಮೊಮ್ಮಗ ನನ್ನನ್ನು ಬಿಟ್ಟರೆ ಏಕವಚನದಲ್ಲಿ ಹೇಳಬಹುದಾದ ಮನುಷ್ಯ ಪ್ರಪಂಚದಲ್ಲಿ ಇನ್ನೊಬ್ಬನೇ ಇದ್ದಾನೆ. ‘ಹೆಚ್ಚು ಅಂಕ ತೆಗೆದಿದ್ದೆ’ ಎಂಬಲ್ಲಿ ಆ ಮನುಷ್ಯನ ಮುಖವಾಡವೂ ಜಾರಿದೆ.

ನಾನು ದೂರವಾಣಿ ಎತ್ತಿಕೊಂಡೆ. ಯಮುನಾ ನನ್ನ ಧ್ವನಿ ಕೇಳುತ್ತಲೇ ಅತ್ತಳು. “ಮಾವ, ನೀವಾದ್ರೂ ಹೇಳಿ. ಅಪ್ಪ ಫೈಲ್ ಎಲ್ಲ ಕಟ್ಟಿ ಅಟ್ಟದ ಮೇಲೆ ಹಾಕ್ಬಿಟ್ಟಿದಾರೆ” ಎಂದಳು. ಸಮಾರಾಧನೆಯ ದಿನ ನೀನು ಅಲ್ಲಿನ ಆಸ್ಪತ್ರೆಯಲ್ಲಿ ಮಲಗಿದ್ದೆ ಎಂಬುದನ್ನೂ ಹೇಳಿದಳು. ವರದಿಗಳನ್ನೆಲ್ಲ ನನಗೆ ಕಳುಹಿಸಿದಳು. ಮೊಣಕಾಲಿನದು ಮಾತ್ರ ಅದರಲ್ಲಿ ಇರಲಿಲ್ಲ.

ನನ್ನ ಸಿಟ್ಟು ಇಳಿದಿಲ್ಲ, ಇದನ್ನು ಸ್ಪಷ್ಟಪಡಿಸುತ್ತೇನೆ. ಮಗ ತಾನೇ ತೀರ್ಮಾನಿಸಿ ಹೋದ, ಗೆಳೆಯ ತಾನೇ ತೀರ್ಮಾನಿಸಿ ಮಲಗಿದ, ನನಗೆ ಉಳಿಯುವುದು ಓದಲು ಪತ್ರಗಳು ಮಾತ್ರವೆ?

ನಿನ್ನ ಪ್ರಶ್ನೆಗೆ ಉತ್ತರ ಬಾಕಿಯಿದೆ. ಸುದರ್ಶನ ಎಚ್ಚರವಾಗಿದ್ದ. ಎರಡನೆಯ ದಿನ ಉಸಿರಿನ ನಳಿಕೆ ತೆಗೆದರು. ನೋವಿತ್ತು, ಅದನ್ನು ಮುಚ್ಚಿಡುವುದಿಲ್ಲ. ನನ್ನನ್ನು ನೋಡಿ, ಒಣಗಿದ ಬಾಯಲ್ಲಿ, “ಅಮ್ಮ ಇನ್ನೂ ತಟ್ಟೆ ಬಾರಿಸಿಲ್ಲ ತಾನೆ?” ಎಂದ. ಇಲ್ಲ, ಕಾಲಾವಕಾಶವಿದೆ ಎಂದೆ. ನಕ್ಕ. ಮೂರನೆಯ ದಿನ ಮತ್ತೆ ನಳಿಕೆ ಹಾಕಿದರು.

ಇನ್ನೊಮ್ಮೆ ಕೇಳಿದ್ದರೆ ಅದೇ ತೀರ್ಮಾನ ಮಾಡುತ್ತಿದ್ದನೇ? ಮಾಡುತ್ತಿದ್ದ. ಅವನ ವಾದ ನನಗೆ ಬಾಯಿಪಾಠವಾಗಿದೆ. ಎರಡು ತಿಂಗಳ ರಜೆಯನ್ನು ವೈದ್ಯರು ಕೊಡಬಹುದು, ಗಡ್ಡೆ ತೆಗೆದುಕೊಳ್ಳುವುದಿಲ್ಲ ಎಂದಿದ್ದ. ಒಮ್ಮೆ ಕೊಯ್ದು ಹೊಲಿದ ಎದೆ ಎರಡನೆಯ ಸಲಕ್ಕೆ ಮೊದಲಿನ ಎದೆಯಾಗಿರುವುದಿಲ್ಲ ಎಂದಿದ್ದ. ಕೊನೆಯಲ್ಲಿ, “ಅಪ್ಪಾ, ಎರಡು ಸಲ ಹೆದರೋ ಶಕ್ತಿ ನಂಗಿಲ್ಲ. ಒಂದೇ ಸಲ ಹೆದರ್ತೀನಿ” ಎಂದ. ಅದು ವಾದವಲ್ಲ, ಭಾವನೆ, ಲೆಕ್ಕಕ್ಕಿಲ್ಲ ಎಂದು ನಾನು ತಳ್ಳಿಹಾಕಿದ್ದೆ. ಈ ವಾರವೆಲ್ಲ ಅದಕ್ಕೆ ಪ್ರತಿವಾದ ಹುಡುಕಿದೆ. ಸಿಗಲಿಲ್ಲ. ಫಲಿತಾಂಶದಲ್ಲಿ ಸೋತವನ ವಾದ ತಪ್ಪಾಗಿರಲೇಬೇಕೆಂದು ಯಾವ ಸ್ಪರ್ಧೆಯ ನಿಯಮದಲ್ಲೂ ಇಲ್ಲ. ನಾವಿಬ್ಬರೂ ಸರಿಯಾದ ವಾದ ಮಂಡಿಸಿ ಎಷ್ಟು ಸಲ ಬರಿಗೈಯಲ್ಲಿ ಬಸ್ಸು ಹತ್ತಿಲ್ಲ?

ನಿನ್ನೆ ಆಸ್ಪತ್ರೆಗೆ ಹೋದೆ. ವಾಜಿದ್, “ಮೇಲಾ ಕೆಳಗಾ ಸಾಬ್?” ಎಂದ. ಎರಡೂ ಅಲ್ಲ ಎಂದೆ. ನಾಲ್ಕನೆಯ ಮಹಡಿಯಲ್ಲಿ ಕ್ಯಾಂಟೀನಿದೆ. ಅಲ್ಲಿ ಕುಳಿತು, ಮೇಲಿನವರಿಗೂ ಕೆಳಗಿನವರಿಗೂ ಚೀಟಿ ಕಳುಹಿಸಿದೆ: ಇಬ್ಬರೂ ಒಟ್ಟಿಗೆ ಬರುವವರೆಗೆ ಏಳುವುದಿಲ್ಲ. ಮೂರು ಕಾಫಿಯ ನಂತರ ಬಂದರು. ಒಂದೇ ಮೇಜಿನ ಎದುರು ಅವರಿಬ್ಬರನ್ನೂ ನಾನು ನೋಡಿದ್ದು ಅದೇ ಮೊದಲು.

“ಅಂಕಲ್, ನಿಮ್ ಮಗನ ವಿಷ್ಯದಲ್ಲಿ...” ಎಂದು ವೈದ್ಯೆ ಆರಂಭಿಸಿದರು.

“ನನ್ನ ಮಗನ ವಿಷಯ ಇಂದಿನ ಸಭೆಯ ಮುಂದಿಲ್ಲ” ಎಂದೆ. ನಿನ್ನ ವರದಿಗಳನ್ನು ಮುಂದಿಟ್ಟೆ. ಇಬ್ಬರೂ ತಲೆಗೆ ತಲೆ ತಾಗಿಸಿ ನೋಡಿದರು. ಮಾಡಬಹುದು, ಮಾಡಬೇಕು, ತಡ ಮಾಡಬಾರದು ಎಂದರು. ಅಪಾಯವೆಷ್ಟೆಂದು ಮರೆಮಾಚದೆ ಹೇಳಿದರು. ಮುಗಿದ ಮೇಲೆ ಆ ಬಾಗಿಲು ತೆರೆದು ಬಂದು ಉತ್ತರ ಹೇಳುವವರು ಯಾರು, ಒಂದು ಹೆಸರು ಬೇಕು ಎಂದೆ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಹಳ ಹೊತ್ತು ನೋಡಿಕೊಂಡರು, ಮುನಿರಾಜ. ನನ್ನ ಮಗನ ವಿಷಯದಲ್ಲಿ ನನಗೆ ಸಿಗದೆ ಹೋದ ಉತ್ತರವೆಲ್ಲ ಆ ನೋಟದಲ್ಲಿತ್ತು. ಕೊನೆಗೆ ವೈದ್ಯೆ, “ನಾನೇ ಬರ್ತೀನಿ. ಏನೇ ಆದ್ರೂ ನಾನೇ ಬಂದು ಹೇಳ್ತೀನಿ” ಎಂದರು.

ದೂರಿನ ಮೊದಲ ಬೇಡಿಕೆಯನ್ನು ಹೊಡೆದುಹಾಕಿದ್ದೇನೆ. ಎರಡನೆಯದು ಹಾಗೆಯೇ ಇದೆ, ನಾಡಿದ್ದು ಸಲ್ಲಿಸುತ್ತೇನೆ.

ನೀನು ಬದುಕುತ್ತೀಯೆಂದು ನಾನು ಹೇಳುತ್ತಿಲ್ಲ. ಹಾಗೆ ಹೇಳುವ ಅರ್ಹತೆ ನನಗಿಲ್ಲ. ಆದರೆ ನನ್ನ ವಿರೋಧವನ್ನು ಕೇಳಿ ನೀನು ಸಾಯುವುದನ್ನು ನಾನು ಒಪ್ಪುವುದಿಲ್ಲ. ಐವತ್ತು ವರ್ಷದಲ್ಲಿ ಮೊದಲ ಬಾರಿ ನಾನು ಪರ ನಿಲ್ಲುತ್ತಿದ್ದೇನೆ. ವಾದ ನನ್ನದಲ್ಲ, ಸುದರ್ಶನನದು, ಮಂಡಿಸುವವನು ನಾನು. ನಿನಗೆ ವಿರೋಧವಿದ್ದರೆ ಬೆಳಗಾವಿಯಿಂದ ಬರೆಯಬೇಡ, ಎದುರಿಗೆ ಬಂದು ಕುಳಿತು ಮಾತನಾಡು. ತಟ್ಟೆ ಬಾರಿಸಲು ಅಂಬುಜಾ ಇದ್ದಾಳೆ.

ಇಪ್ಪತ್ತೆರಡನೆಯ ತಾರೀಕಿಗೆ ಹಾಸಿಗೆ ಗೊತ್ತುಮಾಡಿ ಬಂದಿದ್ದೇನೆ. ಅಲ್ಲಿಯವರೆಗೆ ನೀನು ಸುದರ್ಶನನ ಕೋಣೆಯಲ್ಲಿ ಇರುತ್ತೀಯ. ಈ ಹೊರಮಾವು ಮೊದಲು ನಿಮ್ಮೂರೇ, ನಿಮ್ಮ ತಾತ ರಾಗಿ ಬೆಳೆದ ನೆಲದ ಮೇಲೆಯೇ ಆ ಕೋಣೆ ನಿಂತಿದೆ, ನಿನಗೆ ಹೊಸ ಜಾಗವೇನಲ್ಲ. ನಿನ್ನನ್ನು ಕರೆತರಲು ಗುರುವಾರದ ರೈಲಿಗೆ ನಾನೇ ಹೊರಡುತ್ತಿದ್ದೇನೆ. ಅಂಬುಜಾಳನ್ನು ಕೇಳಿಲ್ಲ, ಆಶ್ರಿತಾಳನ್ನು ಕೇಳಿಲ್ಲ, ನಿನ್ನನ್ನೂ ಕೇಳುತ್ತಿಲ್ಲ. ಇದು ನಾನೊಬ್ಬನೇ ತೆಗೆದುಕೊಂಡ ತೀರ್ಮಾನ.

ಅನಂತ